ನೆಂಟರಿಲ್ಲದ ಪಾದ್ರಿ

ಬಂದವರಿಬ್ಬರೂ ಚಪ್ಪಲಿಯನ್ನು ಮೆಟ್ಟಿಲ ಬದಿಗೆ ಬಿಟ್ಟು ಜಗಲಿಯ ಬೆಂಚಿನಲ್ಲಿ ಕುಳಿತರು. ಆದರೆ ಸುಗುಣಮ್ಮ ತಂದಿಟ್ಟ ನೀರನ್ನು ಮುಟ್ಟಲಿಲ್ಲ. ಪಕ್ಕದ ತಟ್ಟೆಯಲ್ಲಿದ್ದ ಬೆಲ್ಲವನ್ನೂ ಮುಟ್ಟಲಿಲ್ಲ. ಈ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡಬೇಕೆಂದು ನೆರೆಮನೆಯ ಅಮ್ಮಣಿ ಹೇಳಿಕೊಟ್ಟಿದ್ದಳು. ಊರವರೇ ಊರ ಪದ್ಧತಿಯನ್ನು ಬದಿಗಿಟ್ಟರೆಂದರೆ ಅದಕ್ಕೆ ಅರ್ಥ ಒಂದೇ ಎಂದು ಸುಗುಣಮ್ಮನಿಗೆ ತೋರಿತು. ಹಿಂದಿನ ಊರಿನಲ್ಲಿಯೂ ಹೀಗೆಯೇ ಸಂಜೆಯ ಹೊತ್ತಿಗೆ ಇಬ್ಬರು ಹಿರಿಯರು ಬಂದಿದ್ದರು, ನೀರು ಮುಟ್ಟಿರಲಿಲ್ಲ. ಬಹಳ ಸೌಜನ್ಯದಿಂದ ಮಾತಾಡಿ ಎದ್ದು ಹೋಗಿದ್ದರು. ಮರುವಾರವೇ ಬಾಡಿಗೆಯ ಮನೆ ಬಿಡಬೇಕಾಯಿತು.

ಮೂಡುಬಿದಿರೆಯ ಕಾಲೇಜುಗಳಿಗೆ ದೂರದೂರದಿಂದ ಬಂದು ಹಾಸ್ಟೆಲುಗಳಲ್ಲಿರುವ ಕ್ರೈಸ್ತ ಮಕ್ಕಳ ಯೋಗಕ್ಷೇಮ ನೋಡಿಕೊಳ್ಳಲೆಂದು, ಬೆಟಗೇರಿಯ ಈ ನಿವೃತ್ತ ಪಾದ್ರಿ ದಂಪತಿಯನ್ನು ಅವರ ಚರ್ಚಿನ ಸಭೆ ಕಳುಹಿಸಿತ್ತು. ಕರುಣಾಕರ ಪಾದ್ರಿಗಳಿಗೆ ಊರನ್ನು ಅರಿಯುವ ದಾರಿ ಒಂದೇ: ಬಸ್ ನಿಲ್ದಾಣದಿಂದ ಬಸದಿಯವರೆಗೆ ದಿನವೂ ನಡೆದು, ಸಿಕ್ಕಿದವರ ಹೆಸರು, ಮನೆ, ಮಕ್ಕಳ ಓದು ಎಲ್ಲವನ್ನೂ ವಿಚಾರಿಸಿಕೊಂಡು ಬರುವುದು. “ಕಂಡಕಂಡವರನ್ನೆಲ್ಲಾ ಮಾತಾಡಸಬ್ಯಾಡ್ರಿ, ಜನ ಏನರ ತಿಳ್ಕೋತಾರ” ಎಂದು ಹೆಂಡತಿ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅದರ ಫಲವೇ ಈಗ ಬೆಂಚಿನ ಮೇಲೆ ಕುಳಿತಿದೆ ಎಂದುಕೊಂಡು ಆಕೆ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು.

“ನಾನು ನಾರಾಯಣಮೂರ್ತಿ, ಹೈಸ್ಕೂಲಿನಲ್ಲಿ ಮಾಷ್ಟ್ರಾಗಿದ್ದೆ” ಎಂದರು ತೆಳ್ಳನೆಯವರು. “ಇವರು ಅಬ್ದುಲ್ ರಹಿಮಾನ್, ಪೇಟೆಯಲ್ಲಿ ಬಟ್ಟೆ ಅಂಗಡಿ ಉಂಟು. ಮೊನ್ನೆ ನಾವು ನಾಲ್ಕು ಜನ ಕೂತು ನಿಮ್ಮ ವಿಷಯ ಮಾತಾಡಿದ್ದೇವೆ. ಹೇಳಿ ರಹಿಮಾನ್ರೇ.”

“ನೀವೇ ಹೇಳಿ ಮಾಷ್ಟ್ರೇ. ಕನ್ನಡ ಕಲಿಸಿದವರು ನೀವು.”

ಮಾಷ್ಟ್ರು ಗಂಟಲು ಸರಿಮಾಡಿಕೊಂಡರು. “ನೀವು ಈ ಕಡೆಯವರಲ್ಲ, ಅಲ್ವಾ?”

“ಅಲ್ರೀ” ಎಂದರು ಪಾದ್ರಿಗಳು.

“ಬೆಳುವಾಯಿಯಲ್ಲಿ, ಸಿದ್ಧಕಟ್ಟೆಯಲ್ಲಿ ನೆಂಟರು ಯಾರಾದ್ರೂ?”

“ಯಾರೂ ಇಲ್ರೀ. ಹಾಸ್ಟೆಲಿನ್ಯಾಗಿನ ಹುಡುಗರು ಗೊತ್ತು, ಅಷ್ಟಽ. ಅವರೂ ಮಣಿಪುರ, ಮಿಝೋರಾಮದವರು.”

“ಸ್ವಲ್ಪ ಯೋಚಿಸಿ ಹೇಳಿ” ಎಂದು ರಹಿಮಾನರು ಮುಂದಕ್ಕೆ ಬಾಗಿದರು. “ಅಮ್ಮನ ಕಡೆಯಿಂದ?”

ಪಾದ್ರಿಗಳು ಹೆಂಡತಿಯ ಮುಖ ನೋಡಿದರು. ಆಕೆ ಇಲ್ಲವೆಂದು ತಲೆಯಲ್ಲಾಡಿಸಿದಳು. ಬಂದವರು ಪರಸ್ಪರ ನೋಡಿಕೊಂಡು, ವ್ಯಾಜ್ಯವೊಂದನ್ನು ಇತ್ಯರ್ಥ ಮಾಡಿದವರಂತೆ ಗೋಡೆಗೆ ಒರಗಿದರು. ಇನ್ನು ಸುಗುಣಮ್ಮನಿಗೆ ತಡೆಯಲಾಗಲಿಲ್ಲ.

“ನಮಗ ಇಲ್ಲಿ ಯಾರೂ ಇಲ್ಲ ಅನ್ನೂದು ಖರೇ ಅದ. ಆದ್ರ ಈ ವಯಸ್ಸಿನಾಗ ಮತ್ತ ಸಾಮಾನು ಕಟ್ಟೂದು ನನ್ನ ಕೈಲೆ ಆಗೂದಿಲ್ರೀ. ಮನಿ ಬಿಡಸೂದಿದ್ರ ಈಗಽ ಹೇಳಿಬಿಡ್ರಿ.”

“ಮನೆ ಬಿಡಿಸುದಾ?” ರಹಿಮಾನರು ಎದ್ದೇ ನಿಂತರು. “ಎಂತ ಹೇಳುದಮ್ಮಾ ನೀವು! ನಮಗೆ ಅಂಪೈರ್ ಬೇಕು!”

ಹಬ್ಬ ಕಳೆದ ಮೇಲಿನ ಭಾನುವಾರ ಗುಡ್ಡೆಯ ಹುಡುಗರಿಗೂ ಪೇಟೆಯ ಹುಡುಗರಿಗೂ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯ. ಮಾಷ್ಟ್ರ ಮೊಮ್ಮಗ ಶಶಾಂಕ ಗುಡ್ಡೆಯ ನಾಯಕ, ರಹಿಮಾನರ ಮಗ ಮುನವ್ವರ್ ಪೇಟೆಯ ನಾಯಕ. ಆಟ ಪ್ರತಿ ಸಲವೂ ಜಗಳದಲ್ಲೇ ಮುಗಿಯುತ್ತಿತ್ತು.

“ಹೋದ ವರ್ಷ ಬೆಳುವಾಯಿಯಿಂದ ಅಂಪೈರ್ ತಂದದ್ದು” ಎಂದರು ರಹಿಮಾನರು. “ಶಶಾಂಕನಿಗೆ ಔಟ್ ಕೊಡ್ಲೇ ಇಲ್ಲ. ಕೇಳಿ ನೋಡಿದರೆ ಇವರ ಅತ್ತಿಗೆಯ ತಮ್ಮ!”

“ಅದರ ಹಿಂದಿನ ವರ್ಷ ನೀವು ನೆರಿಯದಿಂದ ತಂದವನು ಯಾರು ಮಾರಾಯ್ರೇ? ನಿಮ್ಮ ಗಿರಾಕಿ! ಹೊಸ ಶರ್ಟು ಹಾಕಿಕೊಂಡು ಊರಿಗೆ ಹೋದ.”

“ಅದು ಡಿಸ್ಕೌಂಟಿನಲ್ಲಿ ಕೊಟ್ಟದ್ದು. ಪುಕ್ಕಟೆ ಅಲ್ಲ.”

ಮಾಷ್ಟ್ರು ಪಾದ್ರಿಗಳತ್ತ ತಿರುಗಿದರು. “ನೋಡಿ, ಈ ಮೂರು ತಾಲೂಕಿನಲ್ಲಿ ಯಾರನ್ನು ಹಿಡಿದರೂ ಯಾರಿಗೋ ಏನೋ ಆಗ್ತಾರೆ. ಯಾರಿಗೂ ಏನೂ ಆಗದವರು ಅಂತ ಸಿಕ್ಕಿದ್ದು ನೀವೊಬ್ಬರೇ. ನಿಮ್ಮ ಆರಾಧನೆ ಮುಗಿಸಿಯೇ ಬನ್ನಿ, ಕಾಯ್ತೇವೆ.”

“ನನಗ ಕ್ರಿಕೆಟ್ ಅಷ್ಟಕ್ಕಷ್ಟಽ ರೀ. ನಾನು ಹಾಕಿ ಆಟ ಆಡಿಸಿದಂವ.”

“ಔಟ್ ಅಂದ ಮೇಲೆ ಔಟ್ ಅಂತ ನಿಲ್ಲುವ ಧೈರ್ಯ ಇದ್ದರೆ ಸಾಕು.”

“ಮತ್ತ ನೀರು ಯಾಕ ಮುಟ್ಟಲಿಲ್ಲ?” ಸುಗುಣಮ್ಮನ ಸ್ವರದಲ್ಲಿ ಇನ್ನೂ ಅರ್ಧ ಆತಂಕವಿತ್ತು.

“ಅಯ್ಯೋ, ನನಗೆ ಇವತ್ತು ಏಕಾದಶಿ, ನೀರೂ ಇಲ್ಲ. ಇವರಿಗೆ ರಂಝಾನ್” ಎಂದು ಮಾಷ್ಟ್ರು ನಕ್ಕರು. “ಇಬ್ಬರದ್ದೂ ಹೊಟ್ಟೆ ಖಾಲಿ. ಅದಕ್ಕೇ ಇವತ್ತು ಒಟ್ಟಿಗೆ ಬಂದದ್ದು. ಉಂಡ ದಿನ ಆದರೆ ದಾರಿಯಲ್ಲೇ ಜಗಳ ಆಗ್ತಿತ್ತು.”

ರಂಝಾನ್ ತಿಂಗಳೆಂಬುದು ಆಕೆಗೆ ತಿಳಿಯದ್ದಲ್ಲ. ದಿನವೂ ಸಂಜೆ ಮಸೀದಿಯಿಂದ ಉಪವಾಸ ಬಿಡುವ ಬಾಂಗು ಕೇಳಿಸಿದ ಮೇಲೆಯೇ ರಾತ್ರಿಯ ಅಡಿಗೆಗೆ ಏಳುತ್ತಿದ್ದಳು. ಹೆದರಿದ ಮನಸ್ಸಿಗೆ ಅದು ಹೊಳೆದಿರಲಿಲ್ಲ, ಅಷ್ಟೆ. ಸುಗುಣಮ್ಮ ಬಾಗಿಲ ಚೌಕಟ್ಟನ್ನು ಬಿಟ್ಟು ಬಂದು, ಅಪರಿಚಿತರೆಂಬ ಸಂಕೋಚವನ್ನೂ ಮರೆತು, ಅದೇ ಬೆಂಚಿನ ತುದಿಯಲ್ಲಿ ಧೊಪ್ಪನೆ ಕುಳಿತಳು. ಪಾದ್ರಿಗಳು ಆಗಲೇ ಮುನವ್ವರ್ ಏನು ಓದಿದ್ದಾನೆಂದು ವಿಚಾರಿಸತೊಡಗಿದ್ದರು.

ಹೊರಡುವಾಗ ಆಕೆಯೇ ಕೇಳಿದಳು: “ಹಂಗಾರ ಮುಂದಿನ ವರ್ಷಾನೂ ಇವರಽ ಅಂಪೈರ್ ಏನ್ರಿ?”

ಚಪ್ಪಲಿ ಮೆಟ್ಟುತ್ತಿದ್ದ ರಹಿಮಾನರು ತಲೆಯೆತ್ತಿದರು. “ಮುಂದಿನ ವರ್ಷ ಆಗ್ಲಿಕ್ಕಿಲ್ಲ ಅಮ್ಮಾ. ಅಷ್ಟೊತ್ತಿಗೆ ಇವರನ್ನು ನಂಬ್ಲಿಕ್ಕೆ ಆಗುದಿಲ್ಲ. ಊರಿನವರೇ ಆಗಿರ್ತಾರೆ.”