ಹೊಸ ಕೋಟಿನ ಬಲಭುಜ

“ತಪ್ಪನ್ನ ನನ್ನ ಹೊಲಿಗೆ ಮೇಲೆ ಹಾಕ್ಬೇಡಿ ಅಕ್ಕ. ಕಾಗದವೇ ತಪ್ಪು.”

“ನನ್ನ ಕಾಗದ ತಪ್ಪಾ? ನಿನಗೆ ಸೂಜಿಗೆ ದಾರ ಪೋಣಿಸೋಕೂ ಬರದೆ ಇದ್ದಾಗಿಂದ ಬರೀತಿದೀನಿ ಕಣೇ.”

“ಬರೀರಿ, ಬೇಡ ಅಂದೋರು ಯಾರು? ಒಂದ್ಸಲ ಟೇಪು ಹಿಡಿದು ನೋಡಿ ಅಂದೆ, ಅಷ್ಟೇ.”

ಇಬ್ಬರೂ ಒಂದೇ ಮನೆಯ ಸೊಸೆಯರು, ವಾರಗಿತ್ತಿಯರು. ಹೊಲಿಗೆ ಅಂಗಡಿಯ ಮಹಡಿಯಲ್ಲಿ ಹೆಂಗಸರ ಬಟ್ಟೆಗೆ ಪ್ಯಾಟರ್ನ್ ಮಾಡಿ ಮಾರುತ್ತಿದ್ದರು. ಮನೆಯಲ್ಲೇ ಹೊಲಿದುಕೊಳ್ಳುವವರು ಬಟ್ಟೆ ಮೇಲೆ ಹಾಸಿ, ಗೆರೆ ಎಳೆದು ಕತ್ತರಿಸುವ ಅಳತೆ ಕಾಗದ ಅದು. ಬರೆಯುವುದು, ಕತ್ತರಿಸುವುದು ಹಿರಿಯವಳು. ಹೊಲಿದು, ತಾನೇ ತೊಟ್ಟು ನೋಡುವುದು ಕಿರಿಯವಳು. ಲಕೋಟೆ ಮೇಲಿನ ಫೋಟೋದಲ್ಲೂ ಅವಳೇ. ಈ ಸಲ ಬಿಡುಗಡೆಯಾದ ಹೊಸ ಪ್ಯಾಟರ್ನ್‌ಗಳು ನಾಲ್ಕು. ಒಂದು ಸ್ಕರ್ಟು, ಎರಡು ಅಂಗಿ ಚೆನ್ನಾಗಿ ಹೋದವು. ಉದ್ದ ಕೋಟಿಗೆ ಮಾತ್ರ ದೂರಿನ ಮೇಲೆ ದೂರು. ಎಡಭುಜ ಸರಿಯಾಗಿ ಕೂರುತ್ತದೆ, ಬಲಭುಜ ಕೆಳಕ್ಕೆ ಜಗ್ಗುತ್ತದೆ. ಸಂಜೆಯೊಳಗೆ ಎರಡನೆಯ ಸಲ ಅಚ್ಚಿಗೆ ಕಳಿಸಬೇಕು. ಅದಕ್ಕೆ ಮುಂಚೆ ತಪ್ಪು ಎಲ್ಲಿದೆ ಅಂತ ಗೊತ್ತಾಗಬೇಕಿತ್ತು.

ಕಿರಿಯವಳು ಅದೇ ಕೋಟು ತೊಟ್ಟು ಕನ್ನಡಿ ಮುಂದೆ ನಿಂತಿದ್ದಳು. ಅವಳ ಮೈಮೇಲೆ ಒಂದು ಸುಕ್ಕಿಲ್ಲ. ಯಾವ ಬಟ್ಟೆ ಹಾಕಿದರೂ ಎರಕ ಹೊಯ್ದ ಹಾಗೆ ಅಂತ ನೆಂಟರೆಲ್ಲ ಹೊಗಳುತ್ತಿದ್ದರು. ಅವಳೂ ಅದನ್ನು ನಂಬಿಕೊಂಡಿದ್ದಳು. ಬಂದ ಪತ್ರಗಳನ್ನು ಓದುತ್ತಾ ಒಬ್ಬ ಟೀಚರಮ್ಮನ ಪತ್ರಕ್ಕೆ ಬಂದಾಗ ನಗು ತಡೆಯಲಾರದೆ ಮೇಜು ಹಿಡಿದುಕೊಂಡಳು. ಕೋಟು ತೊಟ್ಟ ಮೇಲೆ ತನ್ನ ಭುಜವೇ ಸೊಟ್ಟ ಇರಬೇಕು ಅಂತ ಆಕೆ ಡಾಕ್ಟರ ಹತ್ತಿರ ಹೋಗಿದ್ದಳಂತೆ. ಡಾಕ್ಟರು ತಟ್ಟಿ ನೋಡಿ, ಭುಜ ಸರಿಯಾಗೇ ಇದೆ, ಟೈಲರನ್ನ ಬದಲಾಯಿಸಿ ಅಂದರಂತೆ.

“ಕೇಳಿದ್ರಾ? ಡಾಕ್ಟರೇ ಹೇಳಿದಾರೆ. ನಿಮಗೆ ವಯಸ್ಸಾಯ್ತು ಅಕ್ಕ, ಗೆರೆ ಜಾರ್ತಾ ಇದೆ. ಇನ್ನು ಮುಂದೆ ನಾನೇ ಬರೀತೀನಿ, ನೀವು ಗುಂಡಿ ಹೊಲ್ಕೊಂಡಿರಿ.”

ತಮಾಷೆಗೆ ಅಂದದ್ದು. ಆದರೆ ಅಷ್ಟರಲ್ಲಿ ಹಿರಿಯವಳು ಕಾಗದದ ಮೇಲೆ ಟೇಪು ಇಟ್ಟಾಗಿತ್ತು. ಬಲಭುಜದ ಗೆರೆ ಎಡಕ್ಕಿಂತ ಅರ್ಧ ಇಂಚು ಕೆಳಗಿತ್ತು. ಯಾಕೆ ಅಂತ ಅವಳಿಗೆ ತಟ್ಟನೆ ತಿಳಿಯಿತು. ಉಳಿದ ಬಟ್ಟೆಗಳಿಗೆ ಕಾಗದ ಮಡಿಸಿ ಅರ್ಧ ಮೈ ಬರೆದರೆ ಸಾಕು, ಎಡಬಲ ಒಂದೇ. ಈ ಕೋಟಿನ ಒಂದು ಮಗ್ಗುಲು ಇನ್ನೊಂದರ ಮೇಲೆ ಬರುವುದರಿಂದ ಎರಡನ್ನೂ ಬೇರೆ ಬೇರೆ ಬರೆದಿದ್ದಳು, ಕಿರಿಯವಳನ್ನು ಎದುರಿಗೆ ನಿಲ್ಲಿಸಿಕೊಂಡು. ಬಲಭುಜಕ್ಕೆ ಬಂದಾಗ ಕೈ ತನ್ನ ರೂಢಿಯಂತೆ ಇಳಿದಿತ್ತು. ಕಿರಿಯವಳ ಬಲಭುಜ ಕೊಂಚ ಇಳಿಜಾರು. ಮದುವೆಯಾಗಿ ಬಂದ ವಾರವೇ, ಮೊದಲ ಅಂಗಿಗೆ ಅಳತೆ ತೆಗೆಯುವಾಗ, ಹಿರಿಯವಳ ಕಣ್ಣಿಗೆ ಅದು ಬಿದ್ದಿತ್ತು. ಬಾಯಿ ಬಿಡಲಿಲ್ಲ. ಅರ್ಧ ಇಂಚು ಇಳಿಸಿ ಕತ್ತರಿಸಿದಳು. ಅಲ್ಲಿಂದ ಹದಿನಾಲ್ಕು ವರ್ಷ, ತೊಟ್ಟು ನೋಡುವ ಮಾದರಿಯೂ ಸೇರಿ, ಅವಳ ಮೈಮೇಲಿನ ಒಂದು ಬಟ್ಟೆಯನ್ನೂ ಬೇರೆಯವರ ಕತ್ತರಿಗೆ ಬಿಟ್ಟವಳಲ್ಲ.

“ನನ್ನ ಗೆರೆ ಜಾರಿಲ್ಲ,” ಅಂದಳು ಹಿರಿಯವಳು. “ನಿನ್ನ ಭುಜ ಜಾರಿದೆ. ಹದಿನಾಲ್ಕು ವರ್ಷ ನಿನ್ನ ಸೊಟ್ಟ ಮುಚ್ಚಿ ಮುಚ್ಚಿ ನನ್ನ ಕೈಯೇ ಸೊಟ್ಟಾಗಿದೆ.”

ಕಿರಿಯವಳು ಮೊದಲು ನಕ್ಕಳು. ಹಿರಿಯವಳು ನಗದೇ ಇದ್ದದ್ದನ್ನು ಕಂಡು ಕೋಟು ಬಿಚ್ಚಿದಳು. ಉದ್ದದ ಮರದ ಸ್ಕೇಲನ್ನು ಕತ್ತಿನ ಹಿಂದೆ ಎರಡೂ ಭುಜದ ಮೇಲೆ ಅಡ್ಡ ಇಟ್ಟುಕೊಂಡು ಕನ್ನಡಿ ನೋಡಿದಳು. ಸ್ಕೇಲು ಬಲಕ್ಕೆ ವಾಲಿತು. ತೆಗೆದು, ತಿರುಗಿಸಿ ಮತ್ತೆ ಇಟ್ಟಳು. ಮತ್ತೆ ಬಲಕ್ಕೇ.

“ಇದು ಯಾರ್ಯಾರಿಗೆ ಗೊತ್ತು ಅಕ್ಕ?”

ಯಾರಿಗೂ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿರಲಿಲ್ಲ, ಕಿರಿಯವಳ ಗಂಡನಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಹಿರಿಯವಳ ಕತ್ತರಿ ನೋಡಿಕೊಂಡಿತ್ತು. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ವಯಸ್ಸಾಯ್ತು ಅನ್ನುವ ಮಾತು ಇನ್ನೂ ಒಳಗೆ ಉರಿಯುತ್ತಿತ್ತು.

“ಕಣ್ಣಿದ್ದವರಿಗೆಲ್ಲ ಗೊತ್ತು,” ಅಂದುಬಿಟ್ಟಳು.

ಕಿರಿಯವಳು ಕೋಟನ್ನು ನೀಟಾಗಿ ಮಡಿಸಿ ಮೇಜಿನ ಮೇಲಿಟ್ಟಳು. “ಲಕೋಟೆಗೆ ಬೇರೆ ಯಾರದ್ದಾದರೂ ಫೋಟೋ ಹಾಕ್ಸಿ,” ಅಂದು ಮೆಟ್ಟಿಲು ಇಳಿದಳು. ಆ ಮೆಟ್ಟಿಲನ್ನು ಅವಳು ಮತ್ತೆ ಹತ್ತಲಿಲ್ಲ. ಮನೆಯಲ್ಲಿ ಎದುರಾದರೆ ಊಟ ಆಯ್ತಾ, ನೀರು ಬಂತಾ ಅನ್ನುವಷ್ಟೇ ಮಾತು. ಭುಜದ ಮಾತು ಎತ್ತಲು ಹಿರಿಯವಳಿಗೆ ಬಾಯಿ ಬರಲಿಲ್ಲ.

ಆ ದಿನವೇ, ಆ ಗಳಿಗೆಯಲ್ಲೇ ಹೇಳಬಹುದಿತ್ತು. ಕಿಟಕಿಗೆ ಓಡಿ ಬಾಯಿಯನ್ನೂ ತೆರೆದಿದ್ದಳು. ಯಾರಿಗೂ ಗೊತ್ತಿಲ್ಲ ಕಣೇ, ಸಿಟ್ಟಿಗೆ ಸುಳ್ಳು ಹೇಳಿದೆ, ಬಾ ಮೇಲೆ ಅನ್ನಲು. ಆದರೆ ನಡುಬೀದಿಯಲ್ಲಿ ಕೂಗಿ ಹೇಳುವ ಮಾತೇ ಅದು? ಕೆಳಗೆ ಕಿರಿಯವಳು ಬಲಭುಜವನ್ನು ಕಿವಿಯ ಹತ್ತಿರದವರೆಗೂ ಎತ್ತಿ ಹಿಡಿದುಕೊಂಡು ನಡೆದು ಹೋಗುತ್ತಿದ್ದಳು. ಎದುರಿಗೆ ಬಂದ ಇಬ್ಬರು ಹೆಂಗಸರು ಅವಳನ್ನು ದಾಟಿದ ಮೇಲೆ ನಿಂತು, ತಿರುಗಿ ನೋಡಿದರು.