ಮುಂದಿನ ಸಾಲಿನ ನಗು

ಮಾತು ಮಾತಿಗೂ "ಹೌದೋ ಅಲ್ಲೋ?" ಎನ್ನುವುದು ನಮ್ಮ ಫಿಸಿಕ್ಸ್ ಮೇಷ್ಟ್ರ ಅಭ್ಯಾಸ. ಕಾಲೇಜ್ ಡೇ ದಿನ ನಾನು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಅವರ ಮಿಮಿಕ್ರಿ ಮಾಡಿದೆ.

"ನೀರು ಕಾಯುತ್ತೆ, ಹೌದೋ ಅಲ್ಲೋ? ಆವಿ ಮೇಲಕ್ಕೆ ಹೋಗುತ್ತೆ, ಹೌದೋ ಅಲ್ಲೋ?"

"ಹೌದೋ!" ಎಂದು ಇಡೀ ಸಭಾಂಗಣ ಕೂಗಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರೇ.

ಆದರೂ ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಮರುದಿನ ಸ್ಟಾಫ್ ರೂಮಿಗೆ ಹೋದೆ.

"ಸರ್, ನಿಮಗೆ ಬೇಜಾರಾಯ್ತೇನೋ..."

"ಬೇಜಾರ್ಯಾಕೋ ಮಾರಾಯ! ಎಲ್ಲಿ, ಇನ್ನೊಂದ್ಸಲ ಮಾಡು."

ಮಾಡಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿಜವಾಗ್ಲೂ ಅಷ್ಟೊಂದು ಸಲ ಅಂತೀನೇನೋ?"

"ಇಲ್ಲ ಸರ್, ನಾನೇ ಸ್ವಲ್ಪ ಮಸಾಲೆ ಹಾಕಿದ್ದೆ."

ಬೆನ್ನು ತಟ್ಟಿ ಕಳಿಸಿದರು. ಮನಸ್ಸು ಹಗುರಾಯಿತು.

ಆ ಭಾನುವಾರ ಲ್ಯಾಬ್ ರೆಕಾರ್ಡ್‌ಗೆ ಸಹಿ ಹಾಕಿಸಿಕೊಳ್ಳಲು ಅವರ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಮೇಷ್ಟ್ರು ಗೋಡೆಗೆ ಬೆನ್ನು ಕೊಟ್ಟು ನಿಂತು ಸೋಮವಾರದ ಪಾಠ ಹೇಳುತ್ತಿದ್ದರು. ಎದುರಿಗೆ ಅವರ ಹೆಂಡತಿ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದರು.

"ಬೆಳಕು ನೇರವಾಗಿ ಚಲಿಸುತ್ತೆ, ಹೌದೋ..." ಮೇಷ್ಟ್ರು ಗಕ್ಕನೆ ಮಾತು ನಿಲ್ಲಿಸಿದರು.

"ಮತ್ತೆ ಬಂತು ನೋಡ್ರೀ," ಎಂದರು ಆಕೆ, ಮೆಲ್ಲಗೆ. "ಪರವಾಗಿಲ್ಲ, ಮೊದಲಿಂದ ಹೇಳಿ."