ಮೇಜಿನ ತನಕ

ಮೂರು ದಿನ ಬಡಿದ ಗಾಳಿಮಳೆ ಆ ಭಾನುವಾರ ಬೆಳಿಗ್ಗೆ ನಿಂತಿತ್ತು. ಹ್ಯಾರಿಸ್ ದ್ವೀಪದ ಗುಡ್ಡಗಳು ತೊಳೆದು ಬೋರಲು ಹಾಕಿದ ಪಾತ್ರೆಗಳಂತೆ ಹೊಳೆಯುತ್ತಿದ್ದವು. ಹಳ್ಳ ಮಾತ್ರ ಇನ್ನೂ ಕದಡಿ ಮೊರೆಯುತ್ತಿತ್ತು. ಅರವತ್ತು ದಾಟಿದ ವಿಧವೆ ಮಾರ್ಸಲಿ ಬಾಗಿಲಲ್ಲಿ ನಿಂತು, "ಬಯಲಲ್ಲಿ ಕೂರೋ ಜನಕ್ಕೆ ಬಿಸಿಲು ಕೊಟ್ಟೆಯಲ್ಲ ತಂದೆ, ನಿನಗೆ ಸ್ತೋತ್ರ" ಎಂದು ಕಣ್ಣು ಮುಚ್ಚಿದಳು. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆಂದು ದೂರದೂರಿಂದ ಬಂದು ಅವಳ ಮನೆಯಲ್ಲಿ ಹುಲ್ಲು ಹಾಸಿ ಮಲಗಿದ್ದ ಒಂಬತ್ತು ಹೆಂಗಸರು ಆಗಲೇ ಹೊರಟುಹೋಗಿದ್ದರು.

ಅವಳನ್ನು ಕರೆದೊಯ್ಯಲು ಮೈದುನ ಟೊರ್ಮೊಡ್ ಬಂದ. ಅವನು ಊರ ಚರ್ಚಿನ ಸಭೆಯ ಹಿರಿಯ. ಭೋಜನದ ಮೇಜಿಗೆ ಬರಲು ಯೋಗ್ಯರೆಂದು ಕಂಡವರಿಗೆ ಶನಿವಾರ ಸೀಸದ ಬಿಲ್ಲೆ ಕೊಡುವುದೂ, ಭಾನುವಾರ ಮೇಜಿನ ಬಳಿ ಅದನ್ನು ಮರಳಿ ಪಡೆಯುವುದೂ ಅವನ ಕೆಲಸ.

"ನಿನ್ನೆಯೂ ಬಿಲ್ಲೆ ಬೇಡ ಅಂದ್ರಿ ಅತ್ತಿಗೆ. ನಿಮ್ಮ ಮುಂದೆ ಬಿಲ್ಲೆ ಹಿಡಿದೂ ಹಿಡಿದೂ ನನ್ನ ಕೂದಲು ಬೆಳ್ಳಗಾಯ್ತು."

"ಕೂದಲಿದ್ರೆ ತಾನೇನೋ ಬೆಳ್ಳಗಾಗೋದು?"

ಅವನು ನಕ್ಕ. "ಊರ ಮಕ್ಕಳಿಗೆಲ್ಲ ಪ್ರಾರ್ಥನೆ ಕಲಿಸಿದೋರು ನೀವು. ಇನ್ನೇನು ಅಡ್ಡಿ?"

"ಕೊನೇತನಕ ತಾಳಿದೋರೇ ಉಳಿಯೋದು ಅಂತ ಬರ್ದಿದೆ. ಇವತ್ತಿನವರೆಗೆ ತಾಳಿದೀನಿ. ನಾಳೆ? ಈ ಕೈ ನಂಗೊತ್ತು ಕಣೋ, ಏನನ್ನೂ ಗಟ್ಟಿಯಾಗಿ ಹಿಡಿಯೋ ಕೈಯಲ್ಲ ಇದು. ಮೇಜಿಗೆ ಕೂತು, ಆಮೇಲೆ ಕರ್ತನನ್ನ ಬಿಟ್ಟುಬಿಟ್ರೆ? ಅದಕ್ಕಿಂತ ಹೊರಗೆ ಕೂರೋದೇ ವಾಸಿ."

"ಅವನ ಕುರಿಗಳನ್ನ ಅವನ ಕೈಯಿಂದ ಯಾರೂ ಕಿತ್ಕೊಳ್ಳಲ್ಲ ಅಂತಾನೂ ಬರ್ದಿದೆ."

"ನಾನು ಕುರಿಯೋ ಮೇಕೆಯೋ ಅನ್ನೋದೇ ಅಲ್ವೇನೋ ಅನುಮಾನ!"

ಹಳ್ಳದ ದಾಟುಗಲ್ಲುಗಳ ಮೇಲೆ ನೀರು ಹರಿಯುತ್ತಿತ್ತು. ಮಾರ್ಸಲಿ ಅವನ ಕೈಯನ್ನು ಬಿಗಿಯಾಗಿ ಹಿಡಿದು ಕಾಲಿಟ್ಟಳು. ಮೂರನೆಯ ಕಲ್ಲಿನ ಮೇಲೆ ಪಾದ ಜಾರಿತು. ಗಾಬರಿಯಲ್ಲಿ ಬೆರಳು ಸಡಿಲಿಸಿಬಿಟ್ಟಳು. ಸೊಂಟದವರೆಗೆ ನೀರಿಗಿಳಿದವಳನ್ನು ಟೊರ್ಮೊಡ್ ಮಣಿಕಟ್ಟು ಹಿಡಿದು ಆಚೆ ದಡಕ್ಕೆ ಎಳೆದು ನಿಲ್ಲಿಸಿದ.

"ಏನತ್ತಿಗೆ, ನಡುನೀರಲ್ಲಿ ಕೈ ಬಿಡೋದಾ?"

"ನಾನು ಬಿಟ್ಟೆನಾ?"

"ಬಿಟ್ರಿ ಮತ್ತೆ! ನಿಮ್ಮ ಹಿಡಿತ ನಂಬ್ಕೊಂಡಿದ್ರೆ ಇಷ್ಟೊತ್ತಿಗೆ ಸಮುದ್ರ ಸೇರಿರ್ತಿದ್ರಿ." ಅವನು ಗೊಣಗುತ್ತ ಕೂತು ಬೂಟಿನೊಳಗಿನ ನೀರು ಸುರಿಯತೊಡಗಿದ.

ಮಾರ್ಸಲಿ ಮಣಿಕಟ್ಟಿನ ಮೇಲೆ ಕೆಂಪಗೆ ಮೂಡಿದ್ದ ನಾಲ್ಕು ಬೆರಳ ಗುರುತನ್ನು ನೋಡುತ್ತ ಬಹಳ ಹೊತ್ತು ನಿಂತಳು. ಅವಳ ತುಟಿ ಮಾತ್ರ ಅಲುಗುತ್ತಿತ್ತು.

ಗುಡ್ಡದ ಬುಡದಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು. ಯಾರು ಯಾರು ಅದರ ಹತ್ತಿರ ಬರಕೂಡದೆಂದು ಪಾದ್ರಿಗಳು ಎಣಿಸಿ ಹೇಳಿದರು: ಚಾಡಿ ಹೇಳುವವರು, ಅರೆಮನಸ್ಸಿನವರು, ಪ್ರಾರ್ಥನೆಯಲ್ಲಿ ತೂಕಡಿಸುವವರು. ಎಂದಿನಂತೆ ಎಲ್ಲದರಲ್ಲೂ ತಾನಿದ್ದೇನೆಂದು ಅವಳಿಗೆ ಅನ್ನಿಸಿತು. ಕೀರ್ತನೆ ಶುರುವಾಯಿತು. ಜನ ಒಬ್ಬೊಬ್ಬರಾಗಿ ಎದ್ದರು. ಒದ್ದೆ ಲಂಗ ಕಾಲಿಗೆ ಅಂಟುತ್ತಿದ್ದರೂ ಮಾರ್ಸಲಿ ಎದ್ದಳು.

ಮೇಜಿನ ತುದಿಯಲ್ಲಿ ಕೈ ಚಾಚಿ ನಿಂತಿದ್ದ ಟೊರ್ಮೊಡ್ ಅವಳನ್ನು ಕಂಡು ತಬ್ಬಿಬ್ಬಾದ. ಬಿಲ್ಲೆಯಿಲ್ಲದೆ ಸ್ವಂತ ಅತ್ತಿಗೆಯನ್ನೂ ಮೇಜಿಗೆ ಬಿಡುವಂತಿರಲಿಲ್ಲ. ಅವಳು ರವಿಕೆಯೊಳಗಿಂದ ಏನನ್ನೋ ತೆಗೆದು ಅವನ ಅಂಗೈಯಲ್ಲಿಟ್ಟಳು.

"ನಿಮ್ಮಪ್ಪ ಸಭೆಯ ಹಿರಿಯರಾಗಿದ್ದಾಗ ಕೊಟ್ಟಿದ್ದು, ನಾನು ಮದುವೆಯಾಗಿ ಬಂದ ವರ್ಷ. ಅವತ್ತೂ ಮೇಜಿನ ತನಕ ಬರೋ ಧೈರ್ಯ ಬರಲಿಲ್ಲ" ಎಂದಳು ಮೆಲ್ಲಗೆ. "ವಾಪಸು ಕೊಡೋದು ತಡವಾಯ್ತು."

ಅವಳು ಹೋಗಿ ಕೂತಳು. ಬಿಲ್ಲೆ ಇನ್ನೂ ಬೆಚ್ಚಗಿತ್ತು. ನಲವತ್ತೊಂದು ವರ್ಷದಲ್ಲಿ ಅದರ ಅಕ್ಷರಗಳೆಲ್ಲ ಸವೆದುಹೋಗಿ, ಹೆಬ್ಬೆರಳು ಕೂರುವ ಜಾಗದಲ್ಲಿ ನುಣುಪಾದ ಗುಳಿಯೊಂದು ಬಿದ್ದಿತ್ತು.